ನೋಡಿಕೊಳ್ಳುವ ಕೈಗೆ ಸಾವಿರ ಕೊಟ್ಟು ಇನ್ನೊಂದು ಕೈಯಿಂದ ಕಿತ್ತುಕೊಳ್ಳಬೇಡಿ



“ಅದನ್ನ ತಗಂಡ್ರೆ ಇದು ಹೋಗ್ತೈತಂತೆ, ನಮಗ್ಯಾಕೆ ಬೇಕು ಸಾಮಿ?”

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ಯಾವ ಹಳ್ಳಿಯ ಅರಳಿಕಟ್ಟೆಯ ಮೇಲೆ ಕೂತು ಸರ್ಕಾರದ ದುಡ್ಡಿನ ಮಾತು ಎತ್ತಿದರೂ ಈ ಒಂದು ಮಾತು ಬಂದೇ ಬರುತ್ತದೆ. ಮನೆಯಲ್ಲಿ ಕೈಕಾಲು ಸ್ವಾಧೀನವಿಲ್ಲದ ಒಂದು ಮಗು ಇದೆ ಅನ್ನಿ. ಅದನ್ನು ಎತ್ತಿ ಕೂರಿಸಿ, ತಿನ್ನಿಸಿ, ತೊಳೆದು, ರಾತ್ರಿ ಎರಡು ಸಲ ಎದ್ದು ಮಗ್ಗುಲು ಬದಲಿಸುವವಳು ಮನೆಯ ಸೊಸೆ. ಅಂಥ ಆರೈಕೆ ಮಾಡುವವರಿಗೆ ಸರ್ಕಾರ ತಿಂಗಳಿಗೆ ಒಂದು ಸಾವಿರ ಕೊಡುತ್ತದೆ ಎಂದು ಯಾರೋ ಹೇಳುತ್ತಾರೆ. ಆಕೆ ಅರ್ಜಿ ಹಾಕೋಣ ಅನ್ನುತ್ತಾಳೆ. ಮನೆಯ ಯಜಮಾನ ತಡೆಯುತ್ತಾನೆ: “ಮಗೂಗೆ ಮಾಸಾಶನ ಬತ್ತೈತೆ, ಕಾರ್ಡಿಗೆ ಅಕ್ಕಿ ಬತ್ತೈತೆ, ನಿಂಗೆ ಎರಡು ಸಾವಿರ ಬತ್ತೈತೆ. ಇರೋದು ಇರ್ಲಿ ಕಣಮ್ಮ. ಹೊಸ ಕಾಗದ ಕೊಟ್ರೆ ಹಳೇದೆಲ್ಲ ಕೆದಕ್ತಾರೆ.”

ಈ ಭಯವನ್ನು ಹಳ್ಳಿಯವರ ದಡ್ಡತನ ಎಂದು ನಗುವವರು ನಗಲಿ. ನಾವು ನಗುವುದಿಲ್ಲ. ಒಂದು ಕಚೇರಿ ಕೊಟ್ಟದ್ದನ್ನು ಇನ್ನೊಂದು ಕಚೇರಿ ಕಸಿದುಕೊಂಡದ್ದನ್ನು ಕಂಡು ಹುಟ್ಟಿದ ಭಯ ಇದು. ಆದರೆ ಭಯಕ್ಕೂ ಒಂದು ಲೆಕ್ಕ ಬೇಕು. ಎಲ್ಲಿ ಹೆದರಬೇಕು, ಎಲ್ಲಿ ಹೆದರಬೇಕಾಗಿಲ್ಲ ಎಂದು ತಿಳಿಯದೆ ಸುಮ್ಮನೆ ಕೂತರೆ ನಮ್ಮ ಪಾಲಿನದು ಖಜಾನೆಯಲ್ಲೇ ಉಳಿಯುತ್ತದೆ. ಆದ್ದರಿಂದ ಈ ತಿಂಗಳು ಆ ಲೆಕ್ಕವನ್ನೇ ಬಿಡಿಸಿ ನೋಡೋಣ.

ಮೊದಲು ಈ ಸಾವಿರ ರೂಪಾಯಿ ಎಲ್ಲಿಂದ ಬಂತು? ಪಾರ್ಲಿಮೆಂಟು 2016ರಲ್ಲಿ ಅಂಗವಿಕಲರ ಹಕ್ಕುಗಳ ಕಾಯ್ದೆ ಮಾಡಿತು. ಅದರ 24ನೇ ಕಲಮು ಸಾಮಾಜಿಕ ಭದ್ರತೆಯದು. ಹೆಚ್ಚಿನ ಆಸರೆ ಬೇಕಾದ ಅಂಗವಿಕಲರಿಗೆ ಆರೈಕೆ ಭತ್ಯೆ ಕೊಡುವ ಮಾತು ಅಲ್ಲಿಯೇ ಇದೆ. ‘ಸರ್ಕಾರದ ಆರ್ಥಿಕ ಶಕ್ತಿಯ ಮಿತಿಯೊಳಗೆ’ ಎಂಬ ಬಾಲವೂ ಜೊತೆಗಿದೆ. ಆ ಬಾಲ ಹಿಡಿದುಕೊಂಡು ವರ್ಷಗಳು ಉರುಳಿದವು. ನೆರೆಯ ಕೇರಳ 2010ರಲ್ಲೇ ಇಂಥ ಸಹಾಯ ಶುರು ಮಾಡಿತ್ತು. ನಮ್ಮ ರಾಜ್ಯದಲ್ಲಿ ಅದು ಬಂದದ್ದು 2024ರ ಫೆಬ್ರವರಿಯಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಮಂಡಿಸಿದ ಬಜೆಟ್ಟಿನಲ್ಲಿ. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನಾಲ್ಕು ಕಾಯಿಲೆಗಳಿಂದ ನರಳುತ್ತ ಸದಾ ಇನ್ನೊಬ್ಬರ ಆಸರೆ ಬೇಕಾದವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಎಂದು ಅದರಲ್ಲಿ ಘೋಷಿಸಲಾಯಿತು.

ಈಗ ಪ್ರಶ್ನೆಗೆ ಬರೋಣ. ಇದನ್ನು ಕೇಳಿದರೆ ಯಾವುದು ಹೋಗುತ್ತದೆ? ಒಂದೊಂದಾಗಿ ನೋಡಿ.

ಗೃಹಲಕ್ಷ್ಮಿ. 2023ರ ಆಗಸ್ಟ್ 30ರಂದು ಶುರುವಾದ ಈ 2,000 ರೂಪಾಯಿಗೆ ಅಡ್ಡಿಯಾಗುವುದು ಆದಾಯ ತೆರಿಗೆ ಮತ್ತು ಜಿ.ಎಸ್.ಟಿ. ಮನೆಯೊಡತಿಯಾಗಲಿ ಆಕೆಯ ಗಂಡನಾಗಲಿ ಅವುಗಳ ಲೆಕ್ಕಕ್ಕೆ ಸೇರಿದ್ದರೆ ಇಲ್ಲ, ಇಲ್ಲದಿದ್ದರೆ ಉಂಟು. ಮಾಸಾಶನ ಬರುವ ಹೆಂಗಸರಿಗೂ ಗೃಹಲಕ್ಷ್ಮಿ ಸಲ್ಲುತ್ತದೆ ಎಂದು ಸರ್ಕಾರ ಆಗಲೇ ಹೇಳಿದೆ. ಆರೈಕೆಯ ಸಾವಿರ ಬಂದ ಮಾತ್ರಕ್ಕೆ ಇದು ಹೋಗಲು ಕಾರಣವಿಲ್ಲ.

ಪ್ರಧಾನಮಂತ್ರಿ ಕಿಸಾನ್. ವರ್ಷಕ್ಕೆ ಮೂರು ಕಂತಿನ 6,000 ರೂಪಾಯಿ. ಇದು ಪಹಣಿಯ ಮೇಲೆ ಬರುವ ಹಣ. ತೆರಿಗೆ ಕಟ್ಟುವವರು, ಸರ್ಕಾರಿ ನೌಕರರು, ತಿಂಗಳಿಗೆ 10,000 ಅಥವಾ ಅದಕ್ಕೂ ಹೆಚ್ಚು ಪಿಂಚಣಿ ಪಡೆಯುವವರು, ಇಂಥವರನ್ನು ಹೊರಗಿಟ್ಟಿದ್ದಾರೆ. ನಮ್ಮ ಸಾವಿರಕ್ಕೂ ಆ ಹತ್ತು ಸಾವಿರಕ್ಕೂ ಸಂಬಂಧವಿಲ್ಲ.

ರೇಷನ್ ಕಾರ್ಡು. ಬಿ.ಪಿ.ಎಲ್. ಕಾರ್ಡಿಗೆ ವರ್ಷದ ಆದಾಯದ ಗೆರೆ 1,20,000 ರೂಪಾಯಿ, ಜಮೀನಿನ ಗೆರೆ 3 ಹೆಕ್ಟೇರ್, ಅಂದರೆ ಏಳೂವರೆ ಎಕರೆ ಖುಷ್ಕಿ. ಆರೈಕೆಯ ಹಣ ವರ್ಷಕ್ಕೆ 12,000. ಗೆರೆಯ ಅಂಚಿನಲ್ಲಿ ನಿಂತ ಮನೆ ಬಿಟ್ಟರೆ ಮಿಕ್ಕವರಿಗೆ ಇದರಿಂದ ಕಾರ್ಡು ಹೋಗುವ ಪ್ರಮೇಯವಿಲ್ಲ.

ಇನ್ನು ಮಾಸಾಶನ. ತೊಡಕಿರುವುದು ಇಲ್ಲಿಯೇ. ಒಬ್ಬ ಮನುಷ್ಯನಿಗೆ ಒಂದೇ ಮಾಸಾಶನ ಎಂಬುದು ಇಲ್ಲಿಯ ಕಟ್ಟಳೆ. 2007ರಲ್ಲಿ ಸಣ್ಣ ರೈತರು, ಅತಿ ಸಣ್ಣ ರೈತರು, ಕೂಲಿಗಾರರು, ನೇಕಾರರಿಗೆಂದು ತಂದ ಸಂಧ್ಯಾ ಸುರಕ್ಷಾ ಬೇಕಾದರೆ ವಿಧವಾ ವೇತನ ಇರಬಾರದು, ಅಂಗವಿಕಲರ ವೇತನ ಇರಬಾರದು. 2021ರ ಏರಿಕೆಯ ಲೆಕ್ಕದಲ್ಲಿ ವಿಧವೆಗೆ 800, 65 ದಾಟಿದವರಿಗೆ 1,200. ಅಂಗವೈಕಲ್ಯ ನೂರಕ್ಕೆ 40ರಿಂದ 74 ಇದ್ದರೆ 800, 75ಕ್ಕೆ ಮೇಲ್ಪಟ್ಟರೆ 1,400. ಇಲ್ಲಿ ಜಾಣತನದಿಂದ ಆರಿಸಿಕೊಳ್ಳಬೇಕು. 800 ಪಡೆಯುತ್ತಿರುವ ವಿಧವೆಗೆ 65 ತುಂಬಿದರೆ 1,200ರದ್ದನ್ನು ಕೇಳಬೇಕು. 1,400 ಪಡೆಯುತ್ತಿರುವ ಅಂಗವಿಕಲನಿಗೆ ವಯಸ್ಸಾಯಿತೆಂದು 1,200ಕ್ಕೆ ಇಳಿಸಲು ಬಂದರೆ ಒಪ್ಪಬಾರದು.

ಆದರೆ ಆರೈಕೆಯ ಸಾವಿರ ಮಾಸಾಶನವಲ್ಲ, ಅದು ಮಾಡಿದ ಕೆಲಸಕ್ಕೆ ಕೊಟ್ಟದ್ದು. ಮಾಸಾಶನ ಹಾಸಿಗೆ ಹಿಡಿದವನದು, ಸಾವಿರ ಅವನನ್ನು ಎತ್ತಿ ಕೂರಿಸಿದವಳದು. ಇಬ್ಬರು ಬೇರೆ, ಎರಡು ಹಣ ಬೇರೆ. ಎತ್ತಿಗೆ ಮೇವು ಹಾಕಿದೆವೆಂದು ಆಳಿನ ಕೂಲಿ ಹಿಡಿಯುವವರುಂಟೇ?

ಹಾಗಾದರೆ ಭಯಕ್ಕೆ ಕಾರಣವೇ ಇಲ್ಲವೇ? ಇದೆ. ಅದು ಆದಾಯ ಪ್ರಮಾಣಪತ್ರದ ಒಳಗೆ ಅಡಗಿ ಕೂತಿದೆ. ರೇಷನ್ ಕಾರ್ಡಿಗೆ ಬಡವ ಎನಿಸಿಕೊಳ್ಳಲು 1,20,000ದ ಗೆರೆ ಎಂದೆವಲ್ಲ, ಮಾಸಾಶನಕ್ಕೆ ಅದೇ ಗೆರೆ 32,000. ಒಂದೇ ಮನೆ ಒಂದು ಕಚೇರಿಯಲ್ಲಿ ಬಡವ, ಪಕ್ಕದ ಕಚೇರಿಯಲ್ಲಿ ಸಾಹುಕಾರ! 32,000ವನ್ನು 365ರಿಂದ ಭಾಗಿಸಿ ನೋಡಿ, ದಿನಕ್ಕೆ 88 ರೂಪಾಯಿ ಬೀಳುವುದಿಲ್ಲ. 2025–26ರಲ್ಲಿ ಕೇಂದ್ರ ಸರ್ಕಾರವೇ ಕಡಲೆಕಾಯಿಗೆ ಹೇಳಿದ ಬೆಂಬಲ ಬೆಲೆ ಕ್ವಿಂಟಾಲಿಗೆ 7,263. ಐದು ಕ್ವಿಂಟಾಲ್ ಮಾರಿದರೆ 36,315. ಬೀಜ, ಗೊಬ್ಬರ, ಉಳುಮೆ, ಕೀಳುವ ಕೂಲಿ ಯಾವುದನ್ನೂ ಕಳೆಯದೆ ಬಿಲ್ಲಿನ ಮೊತ್ತವನ್ನೇ ಆದಾಯ ಎಂದು ಬರೆದರೆ ಐದು ಕ್ವಿಂಟಾಲ್ ಕಡಲೆಕಾಯಿ ಬೆಳೆದವನ ಮನೆಯ ಅಂಗವಿಕಲ ಮಗುವಿಗೆ ಮಾಸಾಶನವಿಲ್ಲ.

ಈ ಗೆರೆಗೆ ಸರ್ಕಾರದ ಹಣವನ್ನೇ ತಗುಲಿಸಿ ನೋಡಿ. ಗೃಹಲಕ್ಷ್ಮಿ ವರ್ಷಕ್ಕೆ 24,000. ಆರೈಕೆಯದು 12,000. ಎರಡೂ ಸೇರಿ 36,000. ಲೆಕ್ಕ ಹಾಕುವ ಗುಮಾಸ್ತ ಇವೆರಡನ್ನೂ ಆದಾಯದ ಕಾಲಮಿನಲ್ಲಿ ಬರೆದನೆಂದರೆ, ಹೊಲದಲ್ಲಿ ಒಂದು ಕಾಳು ಬೆಳೆಯದಿದ್ದರೂ ಆ ಮನೆ ಗೆರೆ ದಾಟಿತು. ವರ್ಷಕ್ಕೆ 16,800 ರೂಪಾಯಿಯ ಅಂಗವಿಕಲ ವೇತನ ಹೋಯಿತು. ಬಂದದ್ದು ಹನ್ನೆರಡು ಸಾವಿರ, ಹೋದದ್ದು ಹದಿನಾರು ಸಾವಿರದ ಎಂಟುನೂರು. ಯಜಮಾನ ಕಟ್ಟೆಯ ಮೇಲೆ ಹೇಳಿದ ಮಾತು ಇದೇ. ಅವನ ಲೆಕ್ಕ ಬಾಯಿಲೆಕ್ಕ, ನಮ್ಮದು ಕಾಗದದ ಲೆಕ್ಕ, ಅಷ್ಟೇ ವ್ಯತ್ಯಾಸ.

ಪಾವಗಡದವರಿಗೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ತಿರುಮಣಿ, ವಳ್ಳೂರು, ಬಾಲಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು ಈ ಐದು ಊರುಗಳ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ಪಾರ್ಕು ಎದ್ದಿದೆ. ರೈತರು ಜಮೀನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000, ಎರಡು ವರ್ಷಕ್ಕೊಮ್ಮೆ ನೂರಕ್ಕೆ 5 ಏರಿಕೆ. ಒಂದೂವರೆ ಎಕರೆ ಕೊಟ್ಟ ಮನೆಯ ಗುತ್ತಿಗೆ ಹಣ 31,500. ಗೆರೆಗೆ 500 ರೂಪಾಯಿ ಕೆಳಗೆ. ಮೊದಲ ಏರಿಕೆ ಬಂದ ಕೂಡಲೇ 33,075. ಗೆರೆಗೆ ಮೇಲೆ. 1,575 ರೂಪಾಯಿ ಹೆಚ್ಚಿಗೆ ಬಂದ ತಪ್ಪಿಗೆ, ಕಟ್ಟಳೆಯ ಅಕ್ಷರ ಹಿಡಿದು ನಡೆದರೆ, 16,800ರ ಮಾಸಾಶನ ನಿಲ್ಲಬೇಕು. ಬೇಸಾಯದ ಆದಾಯವನ್ನು ಯಾರೂ ಕಾಣರು, ಗುತ್ತಿಗೆಯ ಹಣ ಬ್ಯಾಂಕಿನ ಪುಸ್ತಕದಲ್ಲಿ ಎದ್ದು ಕಾಣುತ್ತದೆ. ಬಾವಿಗಿಳಿಯಲು ನಾವು ಮೆಟ್ಟಿಲು ಕಟ್ಟುತ್ತೇವೆ. ಸರ್ಕಾರ ಕಟ್ಟಿದ್ದು ಮೆಟ್ಟಿಲಿಲ್ಲದ ಬಾವಿ. ಒಂದು ಹೆಜ್ಜೆ ಮುಂದಿಟ್ಟರೆ ತಳಕ್ಕೆ.

ಇಂಥ ಗೆರೆ ಇನ್ನೊಂದು ಕೇಡನ್ನೂ ಮಾಡುತ್ತದೆ. ಮರ್ಯಾದಸ್ಥ ರೈತನ ಬಾಯಲ್ಲಿ ಸುಳ್ಳು ಹೇಳಿಸುತ್ತದೆ. 32,000ದೊಳಗೆ ಬರೆಸಿಕೊಂಡು ಬಂದವನು ಅಂದಿನಿಂದ ತಲೆತಗ್ಗಿಸಿ ನಡೆಯಬೇಕು. ಯಾರು ಯಾವಾಗ ಅರ್ಜಿ ಗೀಚುತ್ತಾರೋ ಎಂದು ಹೆದರಬೇಕು. ಹಕ್ಕಿನ ಹಣ ಹೀಗೆ ಹಂಗಿನ ಹಣವಾಗುತ್ತದೆ. ನಾಲ್ಕು ಬೋರ್‌ವೆಲ್, ಕಾರು, ಪಟ್ಟಣದಲ್ಲಿ ಬಾಡಿಗೆ ಮನೆ ಇಟ್ಟುಕೊಂಡು ಬಡವರ ಸಾಲಿನಲ್ಲಿ ನಿಲ್ಲುವವರೂ ನಮ್ಮೊಳಗಿದ್ದಾರೆ. ಅವರ ಪರವಾಗಿ ಈ ಪತ್ರಿಕೆ ಒಂದಕ್ಷರ ಬರೆಯುವುದಿಲ್ಲ. ಆದರೆ ಅವರನ್ನು ಹಿಡಿಯುವ ನೆಪದಲ್ಲಿ ಐದು ಕ್ವಿಂಟಾಲಿನವನನ್ನು ಬಲಿ ಕೊಡುವುದು ನ್ಯಾಯವಲ್ಲ.

ಇದು ನಮ್ಮೊಬ್ಬರ ಪಾಡಲ್ಲ. ಇಂಗ್ಲೆಂಡಿನಂಥ ಶ್ರೀಮಂತ ದೇಶವೂ ಇದೇ ಬಾವಿಗೆ ಬಿದ್ದಿದೆ. ಅಲ್ಲಿ ರೋಗಿಯನ್ನು ನೋಡಿಕೊಳ್ಳುವವರ ಭತ್ಯೆ 1976ರಲ್ಲೇ ಶುರುವಾಯಿತು. ಆದರೆ ಮದುವೆಯಾದ ಹೆಂಗಸರಿಗೆ ಇಲ್ಲ ಎಂದರು. ಅವರು ಹೇಗೂ ಮನೆಯಲ್ಲೇ ಇರುತ್ತಾರಲ್ಲ ಎಂಬುದು ವಾದ! ಒಬ್ಬ ಹೆಣ್ಣುಮಗಳು ಐರೋಪ್ಯ ನ್ಯಾಯಾಲಯದವರೆಗೆ ಹೋರಾಡಿ 1986ರಲ್ಲಿ ಗೆದ್ದ ಮೇಲೆ ಆ ಅನ್ಯಾಯ ನಿಂತಿತು. ವಾರಕ್ಕೆ ಕನಿಷ್ಠ 35 ಗಂಟೆ ಆರೈಕೆ ಮಾಡಿದವರಿಗೆ ಆ ಹಣ. ಜೊತೆಗೆ ಅಲ್ಪಸ್ವಲ್ಪ ದುಡಿಯಬಹುದು, ಆದರೆ 2024ರಲ್ಲಿ ವಾರದ ದುಡಿಮೆ 151 ಪೌಂಡಿಗಿಂತ ಒಂದು ಪೌಂಡು ಹೆಚ್ಚಾದರೂ ಆ ವಾರದ ಇಡೀ ಭತ್ಯೆ ಹೋಗುತ್ತಿತ್ತು. ಅಧಿಕಾರಿಗಳು ವರ್ಷಗಟ್ಟಲೆ ಸುಮ್ಮನಿದ್ದು ಆಮೇಲೆ ಒಮ್ಮೆಗೇ ಸಾವಿರಾರು ಪೌಂಡು ವಾಪಸ್ ಕಟ್ಟಿ ಎಂದು ನೋಟಿಸು ಕೊಟ್ಟರು. ಲಕ್ಷಕ್ಕೂ ಹೆಚ್ಚು ಮಂದಿ ಹೀಗೆ ಸಾಲಗಾರರಾದರು. ಗದ್ದಲವೆದ್ದು ವಿಚಾರಣೆ ನಡೆಯಿತು. 2025ರ ಏಪ್ರಿಲಿನಿಂದ ಮಿತಿಯನ್ನು 196 ಪೌಂಡಿಗೆ ಏರಿಸಿದರು. ಅಲ್ಲಿ ವೃದ್ಧಾಪ್ಯ ವೇತನ ಪಡೆಯುವವರಿಗೆ ಸಾಮಾನ್ಯವಾಗಿ ಆರೈಕೆ ಭತ್ಯೆ ಕೈಗೆ ಬರುವುದಿಲ್ಲ, ಒಂದರ ಮೇಲೊಂದು ಬೇಡವೆಂಬ ನಿಯಮ. ಎಪ್ಪತ್ತರ ಮುದುಕಿ ಹಾಸಿಗೆ ಹಿಡಿದ ಗಂಡನನ್ನು ಹಗಲಿರುಳು ನೋಡಿಕೊಂಡರೂ ಅಷ್ಟೇ. ಅವರು ಐವತ್ತು ವರ್ಷ ಅನುಭವಿಸಿ ಕಲಿತ ಪಾಠವನ್ನು ನಾವು ಈಗಲೇ ಕಲಿಯುವುದು ಒಳ್ಳೆಯದು. ಕೊಡುವ ದಿನವೇ ಕಟ್ಟಳೆ ಸರಿಯಾಗಿ ಬರೆಯದಿದ್ದರೆ ನಾಳೆ ಆ ಹಣವೇ ಸಾಲವಾಗಿ ಬಾಗಿಲಿಗೆ ಬರುತ್ತದೆ.

ಸಾಲದ ಮಾತು ಬಂತು. 2023ರ ಬರದಲ್ಲಿ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಸಾರಿದರು. ಪರಿಹಾರದ ಹಣ 2024ರ ಮೇ ಹೊತ್ತಿಗೆ ಖಾತೆಗೆ ಬಿದ್ದಾಗ ಹಲವು ಕಡೆ ಬ್ಯಾಂಕುಗಳು ಅದನ್ನು ಹಳೆಯ ಸಾಲಕ್ಕೆ ಜಮಾ ಮಾಡಿಕೊಂಡವು. ಹಾಗೆ ಮಾಡಬೇಡಿ ಎಂದು ಸರ್ಕಾರ ಜಿಲ್ಲಾಧಿಕಾರಿಗಳ ಮೂಲಕ ಹೇಳಿಸಬೇಕಾಯಿತು. ಆರೈಕೆಯ ಹಣಕ್ಕೂ ಅದೇ ಗತಿ ಬಾರದೆಂದು ಏನು ಖಾತ್ರಿ? ಗಂಡ ತೆಗೆದ ಬೆಳೆಸಾಲಕ್ಕೆ, ಮಗುವಿನ ಮೈ ಒರೆಸಿದ ಹೆಂಡತಿಯ ಸಾವಿರವನ್ನು ಮುರಿದುಕೊಳ್ಳುವ ದಿನ ಬರಬಾರದು. ಸರ್ಕಾರದ ನೇರ ಪಾವತಿ ಆಧಾರ್ ಜೋಡಣೆಯಾದ ಖಾತೆಗೆ ಬೀಳುತ್ತದೆ. ಬೆಳೆಸಾಲ ಇಲ್ಲದ ಕಡೆ, ಬೇಕಾದರೆ ಅಂಚೆ ಕಚೇರಿಯ ಬ್ಯಾಂಕಿನಲ್ಲಿ, ಆಕೆಯ ಹೆಸರಿನಲ್ಲೇ ಖಾತೆ ಮಾಡಿಸಿ ಆಧಾರ್ ಜೋಡಿಸಿಕೊಳ್ಳಿ. ಇದು ಇಂದೇ ಮಾಡಬಹುದಾದ ಕೆಲಸ.

ಈಗ ನಾವು ನಮ್ಮ ಕಡೆಗೂ ಒಮ್ಮೆ ತಿರುಗಿ ನೋಡೋಣ. ಬೆಲೆ ನಿಗದಿ ಮಾಡುವಾಗ ಮನೆಮಂದಿಯ ದುಡಿಮೆಗೂ ಕೂಲಿ ಹಿಡಿಯಿರಿ ಎಂದು ರೈತರು ದಶಕಗಳಿಂದ ಕೇಳಿಕೊಂಡು ಬಂದಿದ್ದೇವೆ. ಸ್ವಾಮಿನಾಥನ್ ಆಯೋಗದ ಹೆಸರು ಹೇಳಿ, ಜಮೀನಿನ ಬಾಡಿಗೆ, ಬಂಡವಾಳದ ಬಡ್ಡಿ ಎಲ್ಲ ಸೇರಿಸಿದ ಪೂರ್ಣ ಖರ್ಚಿನ ಮೇಲೆ ಅರ್ಧ ಪಾಲು ಲಾಭ ಕೊಡಿ ಎಂದು ರಸ್ತೆಗಿಳಿದಿದ್ದೇವೆ. ಹೊಲದಲ್ಲಿ ಕಳೆ ಕಿತ್ತರೆ ಅದು ದುಡಿಮೆ ಎನ್ನುವ ನಾವು, ಅದೇ ಹೆಂಗಸು ಮನೆಗೆ ಬಂದು ಲಕ್ವ ಹೊಡೆದ ಮಾವನಿಗೆ ಗಂಜಿ ಕುಡಿಸಿದರೆ ಅದಕ್ಕೆ ಏನೆನ್ನುತ್ತೇವೆ? ಅವಳ ಧರ್ಮ ಎನ್ನುತ್ತೇವೆ. 2025–26ರಲ್ಲಿ ಉದ್ಯೋಗ ಖಾತರಿಯ ದಿನಗೂಲಿ 370 ರೂಪಾಯಿ ಇತ್ತು. ತಿಂಗಳು ಪೂರ್ತಿ ಹಗಲಿರುಳಿನ ಆರೈಕೆಗೆ ಸರ್ಕಾರ ಕೊಡುವ ಸಾವಿರ ಆ ಲೆಕ್ಕದಲ್ಲಿ ಮೂರು ದಿನದ ಕೂಲಿಗೂ ಸಮವಲ್ಲ. ಆ ಮೂರು ದಿನದ ಕೂಲಿಯನ್ನೂ ‘ಯಾಕೆ ಬೇಕು’ ಎಂದು ತಡೆಯುವವರು ಕೆಲವು ಮನೆಗಳಲ್ಲಿ ನಾವೇ ಗಂಡಸರು. ಬೇಸಾಯದ ಖರ್ಚಿನಲ್ಲಿ ಕುಟುಂಬದ ದುಡಿಮೆ ಸೇರಬೇಕೆನ್ನುವವರು ಆರೈಕೆಯ ದುಡಿಮೆಗೂ ಬೆಲೆ ಕೇಳಬೇಕು. ಇಲ್ಲದಿದ್ದರೆ ನಮ್ಮ ವಾದ ಅರ್ಧವೇ ನಿಜ.

ಪಟ್ಟಿಯ ವಿಷಯಕ್ಕೂ ಬರೋಣ. ಘೋಷಣೆಯಲ್ಲಿರುವುದು ನಾಲ್ಕು ಕಾಯಿಲೆ. ನಮ್ಮ ಕಡೆಯ ನೋವು ಆ ನಾಲ್ಕರಲ್ಲಿ ಮುಗಿಯುವುದಿಲ್ಲ. ಪಾವಗಡ, ಮಧುಗಿರಿ, ಶಿರಾದ ಬೋರ್‌ವೆಲ್‌ಗಳ ಫ್ಲೋರೈಡ್ ನೀರು ಕುಡಿದು ಬೆನ್ನು ಬಾಗಿ, ಮಂಡಿ ಮಡಚಲಾಗದೆ ಮೂಲೆ ಹಿಡಿದವರಿದ್ದಾರೆ. ಹುಣಸೆ ಮರದಿಂದಲೋ ತೆಂಗಿನ ಮರದಿಂದಲೋ ಬಿದ್ದು ಸೊಂಟದ ಕೆಳಗೆ ಸ್ವಾಧೀನ ತಪ್ಪಿದವರಿದ್ದಾರೆ. ಲಕ್ವ ಹೊಡೆದವರಂತೂ ಊರೂರಿಗೂ ಇದ್ದಾರೆ. ಇವರನ್ನು ಎತ್ತಿ ಇಳಿಸುವ ಕೈಗೆ ನೋವಿಲ್ಲವೇ? ಕೇಂದ್ರದ ಕಾಯ್ದೆ ಕಾಯಿಲೆಯ ಹೆಸರು ಹಿಡಿದು ಮಾತಾಡಿಲ್ಲ, ಹೆಚ್ಚಿನ ಆಸರೆ ಬೇಕೇ ಎಂದು ಕೇಳಿದೆ. ರಾಜ್ಯವೂ ಹಾಗೆಯೇ ಕೇಳಲಿ.

ಆದ್ದರಿಂದ ನಮ್ಮ ಒತ್ತಾಯಗಳು ಇವು. ಒಂದು, ಆರೈಕೆಯ ಹಣವಾಗಲಿ ಗೃಹಲಕ್ಷ್ಮಿಯಾಗಲಿ ಮಾಸಾಶನದ ಆದಾಯ ಲೆಕ್ಕಕ್ಕೆ ಸೇರಕೂಡದೆಂದು ಸರ್ಕಾರ ಸ್ಪಷ್ಟವಾಗಿ ಆದೇಶದಲ್ಲಿ ಬರೆಯಲಿ, ಬಾಯಿಮಾತು ಬೇಡ. ಎರಡು, 32,000ದ ಗೆರೆಯನ್ನು ರೇಷನ್ ಕಾರ್ಡಿನ 1,20,000ಕ್ಕೆ ಸಮ ಮಾಡಲಿ. ಬೆಳೆಯ ಆದಾಯ ಬರೆಯುವಾಗ ಖರ್ಚು ಕಳೆದು ಬರೆಯಲಿ. ಮೂರು, ಗೆರೆ ದಾಟಿದವನಿಗೆ ಪೂರ್ತಿ ನಿಲ್ಲಿಸುವ ಬದಲು ಹಂತಹಂತವಾಗಿ ಇಳಿಸಲಿ. ನಾಲ್ಕು, ಅಧಿಕಾರಿಯ ತಪ್ಪಿನಿಂದ ಹೆಚ್ಚಿಗೆ ಬಂದ ಹಣವನ್ನು ವರ್ಷಗಳ ಮೇಲೆ ವಸೂಲಿ ಮಾಡಬಾರದು. ಬ್ಯಾಂಕು ಸಾಲಕ್ಕೆ ಮುರಿದುಕೊಳ್ಳಬಾರದು. ಐದು, ನಾಲ್ಕು ಕಾಯಿಲೆಯ ಪಟ್ಟಿ ಬಿಟ್ಟು ಆಸರೆಯ ಅಗತ್ಯವನ್ನೇ ಅಳತೆಗೋಲು ಮಾಡಲಿ.

ಒತ್ತಾಯ ಈಡೇರುವವರೆಗೆ ಕೈಕಟ್ಟಿ ಕೂರಬೇಡಿ. ಹಾಸಿಗೆ ಹಿಡಿದವರಿಗೆ ಅಂಗವಿಕಲರ ಗುರುತಿನ ಚೀಟಿ ಇದೆಯೇ, ಶೇಕಡಾ ಎಷ್ಟೆಂದು ಬರೆದಿದ್ದಾರೆ ನೋಡಿ. ಇಲ್ಲದಿದ್ದರೆ ಗ್ರಾಮ ಪಂಚಾಯಿತಿಯಲ್ಲಿ ಅಂಗವಿಕಲರಿಗೆಂದೇ ಇರುವ ಪುನರ್ವಸತಿ ಕಾರ್ಯಕರ್ತರನ್ನು ಹಿಡಿಯಿರಿ. ನಾಡಕಚೇರಿಗೆ ಕೊಟ್ಟ ಪ್ರತಿ ಅರ್ಜಿಗೂ ರಸೀದಿ ಪಡೆಯಿರಿ. ಮಾಸಾಶನ ನಿಂತರೆ ‘ಯಾಕೆ ನಿಂತಿತು’ ಎಂದು ತಹಸೀಲ್ದಾರರಿಂದ ಬರಹದಲ್ಲಿ ಕೇಳಿ. ಅದಕ್ಕೂ ಮೇಲೆ ನಮ್ಮ ನಾಲ್ಕೂ ತಾಲ್ಲೂಕುಗಳಿಗೆ ಉಪವಿಭಾಗಾಧಿಕಾರಿಯ ಕಚೇರಿ ಮಧುಗಿರಿಯಲ್ಲೇ ಇದೆ. ಒಬ್ಬೊಬ್ಬರೇ ಹೋಗಿ ಬಾಗಿಲಲ್ಲಿ ನಿಲ್ಲಬೇಡಿ. ಊರಿನ ಹತ್ತು ಮನೆಯವರು ಸೇರಿ ಒಂದೇ ದಿನ ಹೋಗಿ. ಮುಖ್ಯವಾಗಿ, ಮಾತಾಡಲು ಗಂಡಸರಷ್ಟೇ ಹೋಗಬೇಡಿ, ನೋಡಿಕೊಳ್ಳುವವಳನ್ನೂ ಕರೆದುಕೊಂಡು ಹೋಗಿ. ಅವಳು ಹೋದ ಹೊತ್ತಿನಲ್ಲಿ ಮಗುವಿನ ಪಕ್ಕ ನೀವು ಒಬ್ಬರು ಕೂತಿರಿ. ಆ ಅರ್ಧ ದಿನ ಸಾಕು, ಸಾವಿರ ರೂಪಾಯಿ ಎಷ್ಟು ಕಡಿಮೆ ಎಂಬುದು ಯಾವ ಸಂಪಾದಕೀಯವೂ ಇಲ್ಲದೆ ತಿಳಿಯುತ್ತದೆ.